ನಾಲ್ಕು ಬೆರಳು ಮೇಲಕ್ಕೆ

ಮಾರ್ಚ್ 4

ಇವತ್ತು ಬೆಳಿಗ್ಗೆ ಕೇಪಳದ ಎಲೆಗಳ ಮೇಲೆ ಬಿಳಿ ಚುಕ್ಕೆಗಳಿದ್ದವು. ಹುಳ ಹತ್ತಿತೇನೋ ಎಂದು ಉಗುರಿನಿಂದ ಕೆರೆದು ನೋಡಿದೆ. ಸುಣ್ಣ. ಅಪ್ಪ ಮತ್ತೆ ಹಿತ್ತಿಲ ಗೋಡೆಯ ಬುಡಕ್ಕೆ ಎಡಗೈಯಲ್ಲಿ ಸುಣ್ಣ ಬಳಿದಿದ್ದಾರೆ. ಬ್ರಷ್ಷು ಎಡಗೈ ಮಾತು ಕೇಳುವುದಿಲ್ಲ. ಅರ್ಧ ಗೋಡೆಗೆ, ಅರ್ಧ ಗಿಡಕ್ಕೆ.

ಚುಕ್ಕೆ ಒರೆಸುವಾಗ ಇನ್ನೊಂದು ಕಂಡಿತು. ಹೊಸ ಎಲೆಗಳೆಲ್ಲ ಹಳದಿ, ನರಗಳು ಮಾತ್ರ ಹಸಿರು. ಬೆಳಕಿಗೆ ಹಿಡಿದರೆ ಊರುಗಳನ್ನೆಲ್ಲ ಅಳಿಸಿ ನದಿಗಳನ್ನಷ್ಟೇ ಉಳಿಸಿದ ಭೂಪಟ.

ಅಪ್ಪ ಗಾರೆ ಕೆಲಸದವರು. ಹೋದ ವರ್ಷ ಒಂದು ಕಟ್ಟಡದ ಹೊರಗೋಡೆಗೆ ಗಿಲಾವು ಮಾಡುತ್ತಿದ್ದಾಗ, ಅಲ್ಲಿ ಬೇಲಿ ಕತ್ತರಿಸಿ ಬಿಸಾಡಿದ್ದ ಕೇಪಳದ ರೆಂಬೆಗಳನ್ನು ಚೀಲದಲ್ಲಿಟ್ಟುಕೊಂಡು ಬಂದು ಒಂದನ್ನು ಈ ಗೋಡೆ ಪಕ್ಕ ಚುಚ್ಚಿದರು. ಮರುದಿನ ಸಾರುವೆಯ ಹಲಗೆ ಜಾರಿ ಮೇಲಿಂದ ಬಿದ್ದರು. ರೆಂಬೆ ಬೇರು ಬಿಟ್ಟು ಪೊದೆಯಾಯಿತು. ಭುಜದ ಮೂಳೆಯೂ ಕೂಡಿತು. ಆದರೆ ಬಲಗೈ ಎದೆಯ ಮಟ್ಟದಿಂದ ಮೇಲೇಳುವುದಿಲ್ಲ. "ನನ್ನ ಬಲಗೈ ನೆಟ್ಟ ಕೊನೇ ಗಿಡ ಕಣೇ" ಎಂದು ಅಮ್ಮನಿಗೆ ಹೇಳಿದ್ದು ಅಡುಗೆಮನೆಯಲ್ಲಿದ್ದ ನನಗೆ ಕೇಳಿಸಿತ್ತು. ಈ ಮನೆಯಲ್ಲಿ ನಾನು ಹೆಚ್ಚಾಗಿ ಮಾಡುವ ಕೆಲಸ ಕೇಳಿಸಿಕೊಳ್ಳುವುದೇ.

ಮೂಳೆ ಡಾಕ್ಟರು ಹೇಳಿದ್ದಿಷ್ಟು: ಇನ್ನು ಐದಾರು ತಿಂಗಳು ಕೈಯನ್ನು ದಿನಾ ಎತ್ತಿ ಎತ್ತಿ ಪಳಗಿಸಬೇಕು. ಇಲ್ಲದಿದ್ದರೆ ಭುಜ ಅಲ್ಲೇ ಗಟ್ಟಿಯಾಗುತ್ತದೆ. "ಸಿಮೆಂಟು ಒಣಗಿದ ಮೇಲೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾ?" ಎಂದು ಕೇಳಿದರು. ಅಪ್ಪ ಜೋರಾಗಿ ನಕ್ಕರು. ಆಮೇಲೆ ಹಾಗೆ ನಕ್ಕಿದ್ದನ್ನು ನಾನು ಕಂಡಿಲ್ಲ.

ಮಾರ್ಚ್ 7

ವ್ಯಾಯಾಮ ಕಲಿಸುವ ಮೇಡಂ ಬಂದಿದ್ದರು. ಅಪ್ಪ ಅವರಿಗಿಟ್ಟ ಹೆಸರು ಸಾರ್ಜೆಂಟು. ನಾನು ಎಂದಿನಂತೆ ಅಡುಗೆಮನೆ ಸೇರಿದೆ.

ಸಾರ್ಜೆಂಟು ಅಪ್ಪನನ್ನು ಹಿತ್ತಿಲ ಗೋಡೆಯ ಮುಂದೆ ನಿಲ್ಲಿಸಿ, "ಬೆರಳನ್ನ ಇರುವೆ ಥರ ನಡೆಸ್ಕೊಂಡು ಮೇಲೆ ಹೋಗಿ. ಎಲ್ಲಿ ನಿಲ್ಲುತ್ತೋ ಅಲ್ಲೊಂದು ಗೀಟು ಎಳೀತೀನಿ. ನಾಳೆ ಗೀಟು ದಾಟಬೇಕು" ಅಂದರು. ಅಂದವರು ಅಪ್ಪನ ಬೆರಳು ನಿಂತಲ್ಲಿ ಪೆನ್ಸಿಲ್ ತೆಗೆದು ಎಳೆದೇಬಿಟ್ಟರು.

"ಮೇಡಂ! ಅದು ನಾನು ಗಿಲಾವು ಮಾಡಿದ ಗೋಡೆ!"

"ಅಳಿಸಿದರೆ ಹೋಗುತ್ತೆ ಸರ್."

"ಹೋಗೋದು ಇರಲಿ. ಮೂವತ್ತು ವರ್ಷ ಈ ಕೈ ಗೋಡೆಗಳನ್ನ ಸವರಿದೆ. ಈಗ ಹಲ್ಲಿ ಥರ ಹರಿದಾಡು ಅಂತೀರಲ್ಲ."

"ಹಲ್ಲಿ ಮೇಲಕ್ಕಾದರೂ ಹೋಗುತ್ತೆ" ಎಂದರು ಸಾರ್ಜೆಂಟು.

ಅಡುಗೆಮನೆಯಲ್ಲಿ ನನಗೆ ನಗು ಬಂತು. ಅಪ್ಪನಿಗೆ ಬರಲಿಲ್ಲ.

ಮಾರ್ಚ್ 9

ಗೀಟು ಅಲ್ಲೇ ಇದೆ. ಬೆರಳು ಮತ್ತೆ ಗೋಡೆ ಮುಟ್ಟಿಲ್ಲ.

ಮಾರ್ಚ್ 15

ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಉದ್ದಣ್ಣ ಬಂದಿದ್ದರು. ಬಾಗಿಲಿಗೆ ತಲೆ ತಗುಲದಂತೆ ಬಗ್ಗಿ ಬರುವ ಮನುಷ್ಯ. ಬಸ್ ನಿಲ್ದಾಣದ ಹಿಂದೆ ದೊಡ್ಡ ಕೆಲಸ ಹಿಡಿದಿದ್ದಾರಂತೆ. ಅದೂ ಇದೂ ಮಾತಾಡಿ, ಕುತ್ತಿಗೆ ತುರಿಸಿಕೊಂಡು, "ನಿನ್ನ ಕರಣೆ ಹೇಗೂ ಖಾಲಿ ಬಿದ್ದಿರುತ್ತಲ್ಲ..." ಎಂದು ನಿಲ್ಲಿಸಿದರು.

"ತಗೊಂಡು ಹೋಗು" ಅಂದರು ಅಪ್ಪ. "ಇಲ್ಲಿ ತುಕ್ಕು ಹಿಡೀತಿದೆ."

ಗಾರೆ ಸವರುವ ಆ ಕರಣೆಯ ಮರದ ಹಿಡಿಯಲ್ಲಿ ಅಪ್ಪನ ಹೆಬ್ಬೆರಳು ಕೂರುವಷ್ಟೇ ಗುಳಿ ಬಿದ್ದಿದೆ. ಚಿಕ್ಕವಳಿದ್ದಾಗ ಅದರಲ್ಲಿ ನನ್ನ ಹೆಬ್ಬೆರಳಿಟ್ಟು ನೋಡುತ್ತಿದ್ದೆ. ಬಾವಿಗೆ ಬಿದ್ದ ಹಾಗಿರುತ್ತಿತ್ತು. ನಾನು ಬಾಗಿಲ ಹಿಂದೆ ನಿಂತಿದ್ದೆ. 'ಕೊಡಬೇಡಿ' ಅನ್ನುವ ಮಾತು ಗಂಟಲವರೆಗೆ ಬಂತು. ಉದ್ದಣ್ಣ ಬಗ್ಗಿ ಹೊರಗೆ ಹೋದರು. ಮಾತು ಕೆಳಗಿಳಿಯಿತು.

ಆಸ್ಪತ್ರೆಯ ಲಾಂಡ್ರಿಯಿಂದ ಅಮ್ಮ ಬಂದಾಗ ಕರಣೆ ತೂಗುತ್ತಿದ್ದ ಮೊಳೆ ಖಾಲಿ ಇದ್ದದ್ದನ್ನು ನೋಡಿದಳು. ಪಾತ್ರೆಗಳನ್ನು ಜೋರಾಗಿ ತೊಳೆದಳು.

ಮಾರ್ಚ್ 16

ನರ್ಸರಿಗೆ ಹೋದೆ, ಗಿಡದ ಬಗ್ಗೆ ಕೇಳೋಣವೆಂದು. ಅಲ್ಲಿಯ ಯಜಮಾನಿ ಯಾರಿಗೋ ಬೈಯುತ್ತಿದ್ದರು. ನನ್ನ ಕಡೆ ತಿರುಗಿ "ಏನು ಬೇಕು?" ಅಂದಾಗ ಎದುರಿಗೆ ಕಂಡದ್ದನ್ನು ತೋರಿಸಿದೆ. ಒಂದು ಪ್ಲಾಸ್ಟಿಕ್ ಮಗ್ಗು ಕೊಂಡು ಮನೆಗೆ ಬಂದೆ. ಮನೆಯಲ್ಲಿ ಮಗ್ಗಿಗೆ ಬರವಿಲ್ಲ.

ಆದರೂ ಕಣ್ಣಿಗೆ ಬಿದ್ದದ್ದು ಒಂದಿದೆ. ಅಲ್ಲಿನ ಕೇಪಳಗಳೆಲ್ಲ ಗೋಡೆಯಿಂದ ದೂರ, ಕೊಳೆತ ಎಲೆ ಬೆರೆಸಿದ ಕಪ್ಪು ಮಣ್ಣಿನಲ್ಲಿವೆ. ಮನೆಗೆ ಬಂದವಳು ಹಿತ್ತಿಲ ಮೂಲೆಗೆ ಹೋದೆ. ಅಪ್ಪ ತಂದ ರೆಂಬೆಗಳಲ್ಲಿ ಮಿಕ್ಕಿದ್ದನ್ನು ಅಮ್ಮ ಅಲ್ಲಿ ಕಸದ ಎಲೆರಾಶಿಗೆ ಎಸೆದಿದ್ದಳು. ಒಂದು ತುಂಡು ಅಲ್ಲೇ ಬೇರೂರಿದೆ. ಯಾರೂ ನೀರು ಹಾಕಿಲ್ಲ, ಯಾರೂ ಮುದ್ದು ಮಾಡಿಲ್ಲ. ಮೊಣಕಾಲುದ್ದ ಇದೆ, ಎಣ್ಣೆ ಸವರಿದಂಥ ಹಸಿರು.

ಮುದ್ದು ಮಾಡಿದ್ದು ಮಾತ್ರ ಹಳದಿಯಾಗಿದೆ.

ಮಾರ್ಚ್ 19

ಈ ಸಲ ಮಾತಿನ ಗೊಡವೆಯೇ ಬೇಡವೆಂದು ಒಂದು ಹಳದಿ ಎಲೆ ಕಿತ್ತುಕೊಂಡು ಹೋಗಿ ನರ್ಸರಿಯ ಯಜಮಾನಿಯ ಮೇಜಿನ ಮೇಲಿಟ್ಟೆ.

"ಕೇಪಳ. ಗೋಡೆ ಪಕ್ಕ ಇದೆಯಾ?"

ತಲೆಯಾಡಿಸಿದೆ.

"ಸುಣ್ಣ ಬಿದ್ದಿದೆಯಾ?"

"ದಿನಾ."

"ದಿನಾನಾ! ಯಾರಮ್ಮ ಆ ಪುಣ್ಯಾತ್ಮ?"

"ನಮ್ಮಪ್ಪ" ಅಂದೆ. ಅವರು ಕೆಮ್ಮಿದ ಹಾಗೆ ಮಾಡಿ ನಗು ನುಂಗಿಕೊಂಡರು. ಆಮೇಲೆ ಹೇಳಿದರು: ಕೇಪಳಕ್ಕೆ ಹುಳಿ ಮಣ್ಣು ಬೇಕು. ಸುಣ್ಣ ಇದ್ದಲ್ಲಿ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ, ಸುಣ್ಣ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡುಬಿಡುತ್ತದೆ. "ಆ ಗಿಡ ಉಳಿಯೋದು ಕಷ್ಟ. ಕೆಳಗಿನ ಹಸಿರು ಟೊಂಗೆಯಿಂದ ತುಂಡು ತೆಗೆದು ಬೇರೆ ಮಾಡಿಕೋ."

ಹೊಸ ಮಗ್ಗಿನಲ್ಲಿ ಎಲೆಗೊಬ್ಬರ ತುಂಬಿಸಿಕೊಂಡು ಬಂದೆ. ಅದಕ್ಕಾದರೂ ಬಂತಲ್ಲ.

ಮಾರ್ಚ್ 22

ಅಪ್ಪ ಬಕೆಟ್ಟಿನಲ್ಲಿ ಸುಣ್ಣ ಕಲಸಿಟ್ಟು, ಮೇಲೆ ನಿಂತ ತಿಳಿನೀರನ್ನು ಗಿಡಕ್ಕೆಂದು ಬೇರೆ ಪಾತ್ರೆಯಲ್ಲಿಡುತ್ತಾರೆ. ಮೂರು ದಿನದಿಂದ ನಾನದನ್ನು ಚರಂಡಿಗೆ ಚೆಲ್ಲಿ ಒಳ್ಳೆ ನೀರು ತುಂಬಿಡುತ್ತಿದ್ದೆ. ಇವತ್ತು ಅವರು ಬೆರಳದ್ದಿ, ಹೆಬ್ಬೆರಳಿಗೆ ಉಜ್ಜಿ, "ಇವತ್ತಿನ ಸುಣ್ಣದಲ್ಲಿ ದಮ್ಮೇ ಇಲ್ಲ" ಎಂದು ಎರಡರಷ್ಟು ಕಲಸಿದರು.

ಕದ್ದು ಮಾಡುವ ಉಪಕಾರ ಸಾಕು. ಹೇಳಲೇಬೇಕು.

ಮಾರ್ಚ್ 24

ಹೇಳಿದೆ.

"ಅಪ್ಪಾ, ಸುಣ್ಣದ ನೀರು ಹಾಕಬೇಡಿ. ಗಿಡ ಸಾಯ್ತಿರೋದು ಅದರಿಂದಲೇ."

ಅಪ್ಪ ತಿರುಗಿ ನೋಡಿದ ರೀತಿಗೆ ನನ್ನ ಕಾಲು ತಾನಾಗಿಯೇ ಅಡುಗೆಮನೆ ಕಡೆ ಹೊರಟಿತ್ತು. ತಡೆದು ನಿಂತೆ.

"ಸುಣ್ಣ ಕುಡಿದ ಗೋಡೆ ನೂರು ವರ್ಷ ನಿಲ್ಲುತ್ತೆ. ಗಿಡ ನಿಲ್ಲಲ್ವಾ? ಇದು ಯಾವ ಪುಸ್ತಕದಲ್ಲಿದೆ, ಎಂ.ಎ.?" ಸಾಹಿತ್ಯ ಓದಿ ಮುಗಿಸಿದ ಮೇಲೆ ಸಿಟ್ಟು ಬಂದಾಗ ನನ್ನ ಹೆಸರು ಎಂ.ಎ.

"ಮೂಲೆಯಲ್ಲಿರೋದನ್ನ ನೋಡಿ ಬನ್ನಿ. ಅಮ್ಮ ಎಸೆದಿದ್ದು."

ಹೋದರು. ಬಗ್ಗಿ ಒಂದು ಎಲೆಯನ್ನು ತಿರುವಿ ನೋಡಿದರು. ಬಂದು ಗೋಡೆ ಬುಡದ ಮಣ್ಣನ್ನು ಎಡಗೈಯಲ್ಲಿ ಕೆದಕಿದರು. ಮಣ್ಣಿಗಿಂತ ಗಾರೆಯ ಚೂರೇ ಹೆಚ್ಚಿತ್ತು. ಅವರೇ ಉದುರಿಸಿದ್ದು, ವರ್ಷಗಳಿಂದ.

ಕಬ್ಬಿಣದ ಕೊರತೆ ಎಂದು ವಿವರಿಸಿದೆ. ಕೇಳಿ, ಒಳಗೆ ಹೋಗಿ, ಹಳೆ ಡಬ್ಬಿಯಿಂದ ತುಕ್ಕು ಹಿಡಿದ ಉದ್ದ ಮೊಳೆಗಳನ್ನು ತಂದು ಗಿಡದ ಬುಡಕ್ಕೆ ಒಂದೊಂದಾಗಿ ಚುಚ್ಚಿದರು. "ಕಬ್ಬಿಣ ಬೇಕಂತೆ. ತಿನ್ನಲಿ."

ಅದು ಹಾಗಲ್ಲ ಎಂದು ಹೇಳಹೊರಟೆ. ಅಷ್ಟರಲ್ಲಿ ಸುಣ್ಣದ ಬಕೆಟ್ಟನ್ನು ಅವರೇ ತೊಳೆದು ಬೋರಲು ಹಾಕಿದ್ದು ಕಂಡಿತು.

ಮಾರ್ಚ್ 29

ತುಂಡು ನೆಟ್ಟ ದಿನ. ಮರೆಯದಿರಲೆಂದು ಬರೆದಿಡುತ್ತೇನೆ. ಅಪ್ಪ ನೆಟ್ಟ ಗಿಡದ್ದೇ, ತೀರಾ ಎಳೆಯದೂ ಅಲ್ಲದ, ತೀರಾ ಬಲಿತದ್ದೂ ಅಲ್ಲದ ಟೊಂಗೆ. ಬಾಗಿಸಿದರೆ ಬಾಗಬೇಕು, ಬಿಟ್ಟರೆ ನೆಟ್ಟಗಾಗಬೇಕು. ತುದಿಯಲ್ಲಿ ಮೊಗ್ಗಿರಬಾರದು. ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಕೆಳಗಿನ ಎಲೆಗಳನ್ನು ಕಿತ್ತು, ಮೇಲೆ ಎರಡನ್ನು ಮಾತ್ರ ಬಿಟ್ಟು, ಅವನ್ನೂ ಅರ್ಧಕ್ಕೆ ಕತ್ತರಿಸಬೇಕು. ಬೇರಿಲ್ಲದವರಿಗೆ ಅಷ್ಟು ಎಲೆ ಸಾಕುವ ಶಕ್ತಿ ಇರುವುದಿಲ್ಲ. ಎಲೆಗೊಬ್ಬರಕ್ಕೆ ಮರಳು ಬೆರೆಸಿ ನೆಟ್ಟು, ತಳ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿಯನ್ನು ಟೋಪಿಯ ಹಾಗೆ ಮುಚ್ಚಿ ನೆರಳಿನಲ್ಲಿಟ್ಟೆ. ನಾಲ್ಕು ಕುಂಡ.

ಅಮ್ಮ ನೋಡಿ, "ಇದೇನೇ, ತೀವ್ರ ನಿಗಾ ಘಟಕ?" ಅಂದಳು.

ಏಪ್ರಿಲ್ 11

ಗೋಡೆ ಪಕ್ಕದ ಗಿಡ ಪೂರ್ತಿ ಒಣಗಿತು. ಮೊಳೆಗಳನ್ನು ಮಣ್ಣಿನಿಂದ ಎತ್ತಿಟ್ಟೆ.

ಕುಂಡಗಳಲ್ಲೂ ಒಂದು ತುಂಡು ಕಪ್ಪಾಯಿತು. ಎಳೆದರೆ ಬುಡವೇ ಬೆಣ್ಣೆಯಂತೆ ಕಳಚಿ ಬಂತು. ಅಪ್ಪ ಕುರ್ಚಿಯಿಂದಲೇ, "ಗಾರೆ ಕಲಸೋಕೆ ಸುರಿದ ಹಾಗೆ ಸುರೀತೀಯ. ನಿನ್ನದು ನೀರು ಹಾಕೋ ಕೈ ಅಲ್ಲ" ಅಂದರು.

"ಹಾಗಾದರೆ ನೀವೇ ಹಾಕಿ."

ಇಷ್ಟು ಸುಲಭವಾಗಿ ಬಾಯಿಂದ ಬಂತು. ಅಪ್ಪ ಎದ್ದು ಬಂದರು. ಎಡಗೈಯಲ್ಲಿ ಮಗ್ಗು ಹಿಡಿದು, ಬಲಗೈಯ ತೋರುಬೆರಳನ್ನು ಒಂದೊಂದೇ ಕುಂಡದ ಮಣ್ಣಿಗೆ ಚುಚ್ಚಿದರು. "ಇದಕ್ಕೆ ಬೇಡ. ಇದಕ್ಕೂ ಬೇಡ. ಇದಕ್ಕೆ ಒಂದು ಗುಟುಕು." ಗಿಲಾವಿನ ಹಸಿ ಅಳೆಯುವ ಬೆರಳು. ಇನ್ನು ನೀರಿನ ಖಾತೆ ಅವರದು.

ಏಪ್ರಿಲ್ 25

ಇನ್ನೊಂದು ಹೋಯಿತು. ಎರಡು ಉಳಿದಿವೆ. ಸಾರ್ಜೆಂಟು ಬಂದು ಗೀಟು ನೋಡಿ, ತುಟಿ ಬಿಗಿದುಕೊಂಡು ಹೋದರು.

ಮೇ 14

ಬೇರು! ಟೊಂಗೆಯನ್ನು ಮೆಲ್ಲಗೆ ಎಳೆದರೆ ಅದೂ ನನ್ನನ್ನು ಎಳೆಯಿತು. ಟೋಪಿ ತೆಗೆಯಲಿಲ್ಲ, ನರ್ಸರಿಯಾಕೆ ಹೇಳಿದಂತೆ ಮುಚ್ಚಳವನ್ನಷ್ಟೇ ತೆಗೆದೆ, ಹೊರಗಿನ ಗಾಳಿ ಅಭ್ಯಾಸವಾಗಲಿ ಎಂದು. ತುದಿ ಚಿವುಟಬೇಕು, ಆಗಲೇ ಕವಲೊಡೆಯುವುದು. ನನಗೆ ಮನಸ್ಸು ಬರಲಿಲ್ಲ. ಅಪ್ಪ ಒಂದು ಕ್ಷಣವೂ ಯೋಚಿಸದೆ ಚಿವುಟಿ, ತುದಿಯನ್ನು ಕಿವಿಗೆ ಸಿಕ್ಕಿಸಿಕೊಂಡರು, ಕೆಲಸದ ದಿನಗಳಲ್ಲಿ ಪೆನ್ಸಿಲ್ ಸಿಕ್ಕಿಸಿಕೊಳ್ಳುತ್ತಿದ್ದ ಹಾಗೆ.

ಮೇ 30

ಬಸವನಹುಳು ಒಂದು ಗಿಡವನ್ನು ಬೋಳಿಸಿ ಹೋಗಿದೆ. ಒಂದೇ ಉಳಿಯಿತು.

ಇದನ್ನು ನೆಲದಲ್ಲಿಡುವ ಹಾಗಿಲ್ಲ. ಆ ತುಕ್ಕಿನ ಮೊಳೆಗಳಲ್ಲಿ ಒಂದನ್ನು ಗೋಡೆಗೆ ಹೊಡೆದು, ತಂತಿಯಲ್ಲಿ ಕುಂಡವನ್ನು ಗೋಡೆಗೆ ತಗುಲದಂತೆ ತೂಗುಹಾಕಿದೆ. ಎದೆ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಅಷ್ಟೇ. ಮೊಳೆ ಹೊಡೆಯುವಾಗ ಅಪ್ಪ ಹಲ್ಲು ಕಚ್ಚಿಕೊಂಡು ಕುಳಿತಿದ್ದರು, ಅವರಿಗೇ ಹೊಡೆಯುತ್ತಿದ್ದೇನೇನೋ ಎಂಬಂತೆ.

ಸಂಜೆ ನೀರಿನ ಹೊತ್ತು. ಎಡಗೈಯಲ್ಲಿ ಮಗ್ಗು. ಬಲಗೈ ಎದ್ದಿತು, ಅರ್ಧದಲ್ಲಿ ನಿಂತಿತು. ಅಪ್ಪ ಕಣ್ಣು ಮುಚ್ಚಿದರು. ಬೆರಳು ಕುಂಡದ ಅಂಚು ಹಿಡಿಯಿತು, ಒಳಗೆ ಇಳಿಯಿತು.

ನಾನು ಒಗೆದ ಬಟ್ಟೆ ಮಡಚುತ್ತಿದ್ದೆ. ಒಂದೇ ಬಟ್ಟೆಯನ್ನು ಎಷ್ಟು ಸಲ ಮಡಚಿದೆನೋ.

ಜೂನ್ 8

ಇವತ್ತು ಅಪ್ಪ ಸ್ನಾನಕ್ಕೆ ಹೋದಾಗ ಮೊಳೆ ಕಿತ್ತು, ಮೇಲೆ ಇನ್ನೊಂದು ಹೊಡೆದು ಕುಂಡವನ್ನು ನಾಲ್ಕು ಬೆರಳು ಮೇಲಕ್ಕೇರಿಸಿದೆ. ಸಾರ್ಜೆಂಟಿನ ಗೀಟಿಗೆ ಸಮ. ಕೇಳಿದರೆ ಬಿಸಿಲಿಗೆ ಎನ್ನುವುದು. ಸುಳ್ಳೂ ಅಲ್ಲ, ಎದುರು ಮನೆಯ ನೆರಳು ಗೋಡೆಯ ಕೆಳಭಾಗವನ್ನು ತಿನ್ನುತ್ತದೆ, ಕೇಪಳಕ್ಕೆ ಬೆಳಗಿನ ಬಿಸಿಲು ಬೇಕೇ ಬೇಕು.

ಅಪ್ಪ ಕೇಳಲೇ ಇಲ್ಲ.

ಜೂನ್ 17

ಮತ್ತೆ ನಾಲ್ಕು ಬೆರಳು. ಗೀಟು ಕೆಳಗಾಯಿತು.

ಜೂನ್ 23

ನಿನ್ನೆಯಿಂದ ಭುಜ ಸಿಡಿಯುತ್ತಿದೆಯಂತೆ. ಇವತ್ತು ಅಪ್ಪ ಕುರ್ಚಿಯಿಂದ ಏಳಲಿಲ್ಲ. ಮಗ್ಗು ಕಲ್ಲಿನ ಮೇಲೆ ಹಾಗೇ ಇತ್ತು. ನಿನ್ನೆಯೂ ನೀರು ಬಿದ್ದಿರಲಿಲ್ಲ, ಮಳೆಯ ಸುಳಿವಿಲ್ಲ, ಬಿಸಿಲು ಬೇರೆ ಬಿರುಸು. ಸಂಜೆ ಹೊತ್ತಿಗೆ ಎಲೆಗಳು ಕಿವಿ ಜೋಲಿಸಿದವು. ಅಮ್ಮ ಕೆಲಸದಿಂದ ಬಂದವಳೇ ಮಗ್ಗು ಎತ್ತಿಕೊಂಡಳು.

"ಹಾಕಬೇಡಮ್ಮ."

"ಸಾಯ್ತಾ ಇದೆ ಕಣೇ."

"ಗೊತ್ತು. ಅದು ಅಪ್ಪನ ಕೆಲಸ. ನೀನು ಹಾಕಬೇಡ, ನಾನೂ ಹಾಕಲ್ಲ. ಅಲ್ಲೇ ಇಡು."

ಅಮ್ಮ ಮಗ್ಗು ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಾ ನಿಂತಳು. ಯಾಕೋ ತಿಳಿಯಲಿಲ್ಲ. ಅಪ್ಪನೂ ನೋಡುತ್ತಿದ್ದರು.

ಅಪ್ಪ ನೆಟ್ಟ ಗಿಡದ್ದು ಉಳಿದಿರುವುದು ಅದೊಂದೇ. ಆದರೂ ಹಾಕುವುದಿಲ್ಲ.

ಜೂನ್ 24

ಬೆಳಿಗ್ಗೆ ಏಳುವಾಗ ಕುಂಡದ ತಳದಿಂದ ನೀರು ತೊಟ್ಟಿಕ್ಕುತ್ತಿತ್ತು. ಎಲೆಗಳು ಎದ್ದು ನಿಂತಿದ್ದವು. ಅಪ್ಪ ಕುರ್ಚಿಯಲ್ಲಿ ಕುಳಿತು ಬಲಭುಜ ತಿಕ್ಕಿಕೊಳ್ಳುತ್ತಾ, "ನಿನ್ನ ಹೊಟ್ಟೆಯಲ್ಲಿ ಕರುಳಿದೆಯೋ ಕಲ್ಲಿದೆಯೋ" ಅಂದರು.

"ಬಿಸಿನೀರಿನ ಚೀಲ ತರ್ತೀನಿ" ಅಂದೆ.

ಜುಲೈ 3

ಸಾರ್ಜೆಂಟು ಅಪ್ಪನ ಕೈ ಎತ್ತಿಸಿ ನೋಡಿ, ಮತ್ತೆ ಎತ್ತಿಸಿ ನೋಡಿದರು.

"ಯಾವ ವ್ಯಾಯಾಮ ಮಾಡಿಸ್ತಿದೀರಿ?"

"ಗಿಡಕ್ಕೆ ನೀರು ಹಾಕಿಸ್ತಿದೀನಿ, ಮೇಡಂ" ಎಂದು ಹೇಳಿ, ಮಧ್ಯೆ ಹತ್ತು ದಿನದ ಹಿಂದೆ ನೋವು ಬಂದದ್ದು, ಎಷ್ಟು ನೋವು ಸರಿ, ಎಷ್ಟಾದರೆ ನಿಲ್ಲಿಸಬೇಕು, ಬಿಸಿ ಯಾವಾಗ ಕೊಡಬೇಕು ಎಲ್ಲವನ್ನೂ ಕೇಳಿಕೊಂಡೆ. ವಾರಕ್ಕೆ ನಾಲ್ಕು ಬೆರಳು ಹೆಚ್ಚಾಯಿತೇ ಎಂದೂ ಅಪ್ಪನಿಗೆ ಕೇಳಿಸದಂತೆ ಕೇಳಿದೆ. ಸರಿಯಾಗಿದೆಯಂತೆ. ಹೊರಡುವಾಗ ಅವರು, "ಇಷ್ಟು ದಿನ ಎಲ್ಲಿದ್ರಿ ನೀವು?" ಅಂದರು.

"ಅಡುಗೆಮನೇಲಿ" ಅಂದರು ಅಪ್ಪ.

ಜುಲೈ 12

ನರ್ಸರಿಯಾಕೆಯ ಜೊತೆ ಸಣ್ಣ ಜಗಳ. ಹೋದ ಸಲ ಕೊಟ್ಟ ಗೊಬ್ಬರದಲ್ಲಿ ಅರ್ಧ ಕಲ್ಲಿತ್ತು. ಬದಲಾಯಿಸಿಕೊಂಡು ಬಂದೆ. ಗಿಡಕ್ಕೆ ಈಗ ಮೂರು ಕವಲು.

ಜುಲೈ 19

ಕುಂಡ ಈಗ ಅಪ್ಪನ ನೆತ್ತಿಗಿಂತ ಮೇಲಿದೆ. ಮೊಳೆ ಹೊಡೆಯಲು ನಾನು ಮಣೆ ಹತ್ತಬೇಕಾಯಿತು.

ಜುಲೈ 26

ಮೊಗ್ಗು. ಕವಲಿನ ತುದಿಯಲ್ಲಿ ಒಂದು ಗೊಂಚಲು, ಕೆಂಪು ಬೆಂಕಿಕಡ್ಡಿಗಳನ್ನು ತಲೆ ಕೂಡಿಸಿ ನಿಲ್ಲಿಸಿದ ಹಾಗೆ. ಬಿಚ್ಚಲು ಇನ್ನೂ ದಿನಗಳು ಬೇಕು.

ಆದರೆ ಇವತ್ತು ಬರೆಯಬೇಕಾದ್ದು ಅದಲ್ಲ.

ಬೆಳಿಗ್ಗೆ ಅಮ್ಮ ಬ್ರೆಡ್ಡಿಗೆ ಬೆಣ್ಣೆ ಹಚ್ಚುವ ಮೊಂಡು ಚಾಕುವಿಗಾಗಿ ಅಡುಗೆಮನೆ ಜಾಲಾಡುತ್ತಿದ್ದಳು. ಅದು ಹಿತ್ತಿಲ ನಲ್ಲಿಯ ಪಕ್ಕ ಸಿಕ್ಕಿತು. ಹಿಡಿಯ ಮೇಲೆ ಬಿಳಿಯದೇನೋ ಒಣಗಿ ಅಂಟಿತ್ತು. ಅಮ್ಮ ಬೈದುಕೊಂಡು ತೊಳೆದಳು. ನಾನು ಹೆಚ್ಚು ಯೋಚಿಸಲಿಲ್ಲ.

ಅಪ್ಪ ಸ್ನಾನಕ್ಕೆ ಹೋದ ಮೇಲೆ ಮಣೆ ಇಟ್ಟುಕೊಂಡು, ಈ ವಾರದ ನಾಲ್ಕು ಬೆರಳು ಅಳೆಯಲು ಗೋಡೆಯ ಮುಂದೆ ನಿಂತೆ. ಹಳೆಯ ಮೊಳೆಗಳ ತೂತುಗಳು ಒಂದರ ಮೇಲೊಂದು ಇರಬೇಕಿತ್ತು. ಕಾಣಲಿಲ್ಲ. ಅಂಗೈಯಿಂದ ಸವರಿ ನೋಡಿದೆ. ಎದೆ ಮಟ್ಟದ್ದು ಇಲ್ಲ. ಅದರ ಮೇಲಿನದೂ ಇಲ್ಲ. ಸಾರ್ಜೆಂಟಿನ ಗೀಟೂ ಇಲ್ಲ. ತೀರಾ ಮೇಲೆ, ಹೋದ ವಾರ ನಾನು ಮೊಳೆ ಕಿತ್ತ ಜಾಗದಲ್ಲಿ ಮಾತ್ರ ಒಂದು ಒದ್ದೆ ವೃತ್ತ ಇನ್ನೂ ಆರಿರಲಿಲ್ಲ. ಮೇಲೆ ಸಣ್ಣ ಗೆರೆಗಳು, ಬಿಲ್ಲಿನ ಹಾಗೆ ಬಾಗಿದವು. ಒಂದು ವರ್ಷದಿಂದ ಈ ಗೋಡೆಯ ಬುಡದಲ್ಲಿ ಅಪ್ಪನ ಎಡಗೈಯ ಗೆರೆಗಳನ್ನು ನೋಡುತ್ತಿದ್ದೇನೆ. ಅವು ಆ ಕಡೆ ಬಾಗುತ್ತವೆ. ಇವು ಈ ಕಡೆ ಬಾಗಿವೆ. ಬಲಗೈ.

ಅಂದರೆ ಅವರಿಗೆ ಗೊತ್ತಿತ್ತು. ಮೊದಲ ಮೊಳೆಯಿಂದಲೂ ಇರಬೇಕು. ಮೂವತ್ತು ವರ್ಷ ಗೋಡೆ ಸವರಿದ ಮನುಷ್ಯನ ಗೋಡೆಯಲ್ಲೇ ಕಳ್ಳತನ ಮಾಡಲು ಹೊರಟಿದ್ದೆ, ಜಾಣೆ ನಾನು! ನನ್ನ ಪ್ರತಿ ತೂತಿನ ಹಿಂದೆ ಅವರು ನಡೆದು ಬಂದಿದ್ದಾರೆ.

ಮಣೆಯ ಮೇಲೆ ನಿಂತೇ ಇದ್ದೆ. ಹಿಂದಿನಿಂದ ಅಪ್ಪನ ದನಿ: "ಏನು ಹುಡುಕ್ತಿದೀಯ, ಎಂ.ಎ.?"

"ಏನಿಲ್ಲಪ್ಪ."

"ನನ್ನ ಗೋಡೆ ಹಾಳುಮಾಡ್ತಿರೋ ಕಳ್ಳರು ಸಿಕ್ಕರೆ ಹೇಳು."

"ಸಿಕ್ಕರೆ ಹೇಳ್ತೀನಿ. ಆದರೆ ತೇಪೆ ಹಾಕಿದವರ ಕೆಲಸವೂ ಅಷ್ಟಕ್ಕಷ್ಟೇ. ಬೆಣ್ಣೆ ಹಚ್ಚಿದ ಹಾಗಿದೆ."

ಅಪ್ಪ ನಕ್ಕರು. ಡಾಕ್ಟರ ಮುಂದೆ ನಕ್ಕಂತೆ, ಜೋರಾಗಿ. ಒಳಗಿನಿಂದ ಅಮ್ಮ ಏನಾಯಿತೆಂದು ಓಡಿ ಬಂದಳು. ನಗು ನಿಂತ ಮೇಲೆ ಅವರು ಬಲ ಅಂಗೈಯನ್ನು ಬಿಡಿಸಿ ನೋಡಿಕೊಂಡರು. "ಮೊಂಡು ಚಾಕುವಲ್ಲಿ ಇನ್ನೇನಾಗುತ್ತೆ" ಅಂದರು, ನನಗಲ್ಲ, ಅಂಗೈಗೆ. ಅವರ ಹೆಬ್ಬೆರಳು ಏನನ್ನೋ ಹುಡುಕುವಂತೆ ತೋರುಬೆರಳನ್ನು ಉಜ್ಜುತ್ತಿತ್ತು.

ನಾನು ಈ ವಾರದ ಮೊಳೆ ಹೊಡೆಯಲಿಲ್ಲ. ಕುಂಡ ಇದ್ದಲ್ಲೇ ಇರಲಿ, ಮೊಗ್ಗು ಬಿಚ್ಚುವವರೆಗೆ ಅಲುಗಿಸಬಾರದು.

ಬಸ್ ನಿಲ್ದಾಣದ ಹಿಂದಿನ ಆ ಕಟ್ಟಡವನ್ನು ಬಸ್ಸಿನಿಂದ ನೋಡಿದ್ದೇನೆ. ಕೆಳಗೆ ಮರಳಿನ ರಾಶಿ, ಮೇಲೆ ಸಾರುವೆಯ ತುಂಬ ಗಂಡಸರು. ಉದ್ದಣ್ಣ ಎಲ್ಲರಿಗಿಂತ ಮೇಲಿನ ಹಲಗೆಯಲ್ಲಿರುತ್ತಾರೆ. ಅವರಿಗೆ ಕೇಳಿಸಬೇಕಾದರೆ ಕೆಳಗಿನಿಂದ ಜೋರಾಗಿ ಕೂಗಬೇಕು, ಎಲ್ಲರೂ ಕೆಲಸ ನಿಲ್ಲಿಸಿ ಬಗ್ಗಿ ನೋಡುತ್ತಾರೆ.

ನೋಡಲಿ. ನಾಳೆ ಬೆಳಿಗ್ಗೆ ಹೋಗಿ ಅಪ್ಪನ ಕರಣೆ ವಾಪಸ್ ಕೇಳುತ್ತೇನೆ.